ಸೀಸೆಯ ಮೇಲಿನ ಪ್ರಮಾಣ, ಕೊಟ್ಟಿಗೆಯಲ್ಲಿನ ಹಸು: ಕಾಯಿಲೆ ಔಷಧಿಯನ್ನು ಹೇಗೆ ಬದಲಿಸುತ್ತದೆ?

ಮಂಡ್ಯ ಜಿಲ್ಲೆಯ ಯಾವ ಊರಿನ ಡೈರಿಯ ಮುಂದೆ ಹಾಲು ಹಾಕುವ ಹೊತ್ತಿಗೆ ನಿಂತರೂ ಒಂದಲ್ಲ ಒಂದು ದಿನ ಈ ಮಾತು ಕಿವಿಗೆ ಬೀಳುತ್ತದೆ: ‘ಹೋದ ಸಲ ಇದೇ ಇಂಜೆಕ್ಷನ್‌ಗೆ ಹಸ ಎದ್ದು ನಿಂತಿತ್ತು, ಈ ಸಲ ಔಷಧಿ ಹಿಡೀಲೇ ಇಲ್ಲ.’ ಅನುಮಾನ ಮೊದಲು ಹೋಗುವುದು ಔಷಧಿಯ ಗುಣಮಟ್ಟದ ಮೇಲೆ, ಆಮೇಲೆ ವೈದ್ಯರ ಕೈಗುಣದ ಮೇಲೆ. ಔಷಧಿ ಅದೇ ಇರಬಹುದು, ಕೊಟ್ಟ ಕೈಯೂ ಅದೇ ಇರಬಹುದು, ಆದರೆ ಈ ಸಲ ಅದು ಸೇರಿದ ದೇಹದ ಸ್ಥಿತಿ ಬೇರೆಯಾಗಿತ್ತು ಎಂಬ ಸಾಧ್ಯತೆಯನ್ನು ಯೋಚಿಸುವವರು ಕಡಿಮೆ. ಸೀಸೆಯ ಮೇಲೆ ಅಚ್ಚಾಗಿರುವ ಪ್ರಮಾಣವನ್ನು, ಅಂದರೆ ಪ್ರತಿ ಕಿಲೋ ತೂಕಕ್ಕೆ ಇಷ್ಟು ಮಿಲಿಗ್ರಾಂ, ಇಷ್ಟು ಗಂಟೆಗೊಮ್ಮೆ ಎಂಬ ಲೆಕ್ಕವನ್ನು, ಬಹುಮಟ್ಟಿಗೆ ಆರೋಗ್ಯವಂತ ಪ್ರಾಣಿಗಳ ರಕ್ತದಲ್ಲಿ ಔಷಧಿಯ ಮಟ್ಟ ಹೇಗೆ ಏರಿ ಇಳಿಯುತ್ತದೆ ಎಂದು ಅಳೆದು ಗೊತ್ತುಪಡಿಸಿರುತ್ತಾರೆ. ಆ ಔಷಧಿ ಬೇಕಾಗುವುದು ಮಾತ್ರ ಕಾಯಿಲೆ ಬಿದ್ದ ಪ್ರಾಣಿಗೆ. ಈ ಎರಡರ ನಡುವಿನ ಅಂತರವನ್ನು ತುಂಬುವುದೇ ಪಶುವೈದ್ಯರ ನಿಜವಾದ ಕೆಲಸ ಎನ್ನಬೇಕು. ಸೂಜಿ ಚುಚ್ಚುವುದನ್ನು ಯಾರು ಬೇಕಾದರೂ ಕಲಿಯಬಹುದು.

ದೇಹದೊಳಗೆ ಹೋದ ಯಾವುದೇ ಔಷಧಿ ನಾಲ್ಕು ಹಂತಗಳನ್ನು ದಾಟುತ್ತದೆ. ಹೊಟ್ಟೆಯಿಂದಲೋ ಮಾಂಸಖಂಡದಿಂದಲೋ ರಕ್ತಕ್ಕೆ ಸೇರುತ್ತದೆ, ರಕ್ತದಿಂದ ಅಂಗಾಂಗಗಳಿಗೆ ಹಂಚಿಕೆಯಾಗುತ್ತದೆ, ಮುಖ್ಯವಾಗಿ ಪಿತ್ತಜನಕಾಂಗದಲ್ಲಿ ಒಡೆದು ರೂಪ ಬದಲಿಸುತ್ತದೆ, ಕೊನೆಗೆ ಮೂತ್ರ, ಪಿತ್ತರಸ ಅಥವಾ ಹಾಲಿನ ಮೂಲಕ ಹೊರಬೀಳುತ್ತದೆ. ಕಾಯಿಲೆಯು ಇವುಗಳಲ್ಲಿ ಯಾವುದನ್ನು ಬೇಕಾದರೂ ಕೆಡಿಸಬಲ್ಲದು, ಒಮ್ಮೊಮ್ಮೆ ಎರಡು ಮೂರನ್ನು ಒಟ್ಟಿಗೇ ಕೆಡಿಸುತ್ತದೆ.

ಮೊದಲ ಹಂತದ ತೊಡಕು ದನಗಳಲ್ಲಿ ಆರೋಗ್ಯವಿದ್ದಾಗಲೇ ಇರುತ್ತದೆ. ದೊಡ್ಡ ಸೀಮೆ ಹಸುವಿನ ಮೊದಲ ಹೊಟ್ಟೆ ನೂರು ಲೀಟರಿಗೂ ಹೆಚ್ಚು ಹಿಡಿಯುವ ಹುದುಗಿನ ತೊಟ್ಟಿ. ಬಾಯಿಂದ ಕುಡಿಸಿದ ಔಷಧಿ ಅಲ್ಲಿ ತೆಳುವಾಗುತ್ತದೆ, ಮೇವಿಗೆ ಅಂಟಿಕೊಳ್ಳುತ್ತದೆ, ಕೆಲವೊಮ್ಮೆ ಅಲ್ಲಿನ ಸೂಕ್ಷ್ಮಜೀವಿಗಳ ಬಾಯಿಗೆ ಬಿದ್ದು ನಿಷ್ಕ್ರಿಯವಾಗುತ್ತದೆ. ಟ್ರೈಮೆಥೊಪ್ರಿಮ್ ಎಂಬ ಬ್ಯಾಕ್ಟೀರಿಯಾ ನಿರೋಧಕ ಹೀಗೆ ನಾಶವಾಗುವ ಔಷಧಿಗಳಲ್ಲೊಂದು. ಇನ್ನು ಮದುವೆ ಮನೆಯಲ್ಲಿ ಮಿಕ್ಕ ಅನ್ನವನ್ನೋ, ಸಂಕ್ರಾಂತಿಯ ದಿನ ಪ್ರೀತಿಯಿಂದ ಬೊಗಸೆ ಬೊಗಸೆಯಾಗಿ ಕೊಟ್ಟ ಪೊಂಗಲನ್ನೋ ತಿಂದು ಹೊಟ್ಟೆ ಹುಳಿಯಾದ ಹಸುವಿನಲ್ಲಿ ಲೆಕ್ಕವೇ ತಲೆಕೆಳಗಾಗುತ್ತದೆ. ಮಾಮೂಲಾಗಿ 6ರಿಂದ 7ರ ನಡುವೆ ಇರುವ ಅದರ ಹೊಟ್ಟೆಯ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ತೀವ್ರ ಸ್ಥಿತಿಯಲ್ಲಿ 5ಕ್ಕಿಂತ ಕೆಳಗಿಳಿಯುತ್ತದೆ, ಹೊಟ್ಟೆಯ ಅಲುಗಾಟ ನಿಂತುಹೋಗುತ್ತದೆ.

ಪಿಎಚ್ ಬದಲಾದರೆ ಔಷಧಿಗೇನಾಯಿತು ಎಂಬ ಪ್ರಶ್ನೆಗೆ ಉತ್ತರ ಸರಳವಾದ ರಸಾಯನಶಾಸ್ತ್ರದಲ್ಲಿದೆ, ಮತ್ತು ಅದನ್ನು ಇಲ್ಲಿ ಅರ್ಥ ಮಾಡಿಕೊಂಡರೆ ಮುಂದೆ ಕೆಚ್ಚಲಿನ ವಿಚಾರ ಬಂದಾಗ ಅರ್ಧ ದಾರಿ ಸವೆದಂತೆ. ಬಹುಪಾಲು ಔಷಧಿಗಳು ದುರ್ಬಲ ಆಮ್ಲಗಳು ಇಲ್ಲವೇ ದುರ್ಬಲ ಕ್ಷಾರಗಳು. ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟುವುದು ವಿದ್ಯುದಾವೇಶವಿಲ್ಲದ ಅಣುಗಳು ಮಾತ್ರ. ದುರ್ಬಲ ಕ್ಷಾರವೊಂದು ಹುಳಿಯಾದ ದ್ರವಕ್ಕೆ ಬಂದೊಡನೆ ಆವೇಶ ಪಡೆಯುತ್ತದೆ, ಆಮೇಲೆ ಪೊರೆ ದಾಟಿ ಹಿಂದಿರುಗಲಾಗದೆ ಅಲ್ಲೇ ಶೇಖರವಾಗುತ್ತದೆ. ನಾಲೆಯ ನೀರಿಗೆ ಇಟ್ಟ ಕೂಳಿಯೊಳಗೆ ನುಗ್ಗಿದ ಮೀನಿನ ಸ್ಥಿತಿ ಅದರದು. ಹಾಗಾಗಿ ಹೊಟ್ಟೆ ಹುಳಿಯಾದ ಹಸುವಿನಲ್ಲಿ ಕ್ಷಾರೀಯ ಔಷಧಿಗಳು ಬಾಯಿಂದ ಕೊಟ್ಟರೆ ರಕ್ತಕ್ಕೆ ಸೇರುವುದು ಕಡಿಮೆಯಾಗುತ್ತದೆ, ಇಂಜೆಕ್ಷನ್ ಕೊಟ್ಟರೂ ಒಂದಷ್ಟು ಪಾಲು ರಕ್ತದಿಂದ ಹೊಟ್ಟೆಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಆಸ್ಪಿರಿನ್‌ನಂಥ ಆಮ್ಲೀಯ ಔಷಧಿಗಳ ವಿಷಯದಲ್ಲಿ ಇದು ಉಲ್ಟಾ.

ಜಂತುನಾಶಕದ ಪ್ರಸಂಗದಲ್ಲಿ ವಿಚಿತ್ರವಾದ ತಿರುವೊಂದಿದೆ. ಬಂಡೂರು ಕುರಿಗಳ ನಾಲ್ಕನೇ ಹೊಟ್ಟೆಯಲ್ಲಿ ರಕ್ತ ಹೀರುವ ದುಂಡುಹುಳುಗಳು ಹೆಚ್ಚಾದಾಗ ಅಲ್ಲಿನ ಆಮ್ಲ ಸ್ರವಿಕೆ ಕುಗ್ಗುತ್ತದೆ. ಆಲ್ಬೆಂಡಜೋಲ್ ಕುಲದ ಔಷಧಿಗಳು ಚೆನ್ನಾಗಿ ಕರಗಿ ರಕ್ತ ಸೇರಲು ಆ ಆಮ್ಲವೇ ಬೇಕು. ಅಂದರೆ ಹುಳುಗಳು ತಮ್ಮನ್ನು ಕೊಲ್ಲಬೇಕಾದ ಔಷಧಿಯ ಹೀರಿಕೆಯನ್ನು ತಾವೇ ತಗ್ಗಿಸುತ್ತವೆ. ಮೇಲಿಂದ ಭೇದಿಯೂ ಇದ್ದರೆ ಔಷಧಿ ಹೊಟ್ಟೆಯಲ್ಲಿ ನಿಲ್ಲುವ ಹೊತ್ತೇ ಕಡಿಮೆ. ಹುಳು ಹೆಚ್ಚಿದ್ದ ಕುರಿಗೇ ಜಂತುನಾಶಕ ಕಡಿಮೆ ಹತ್ತುತ್ತದೆ ಎನ್ನುವುದು ಕುರಿ ಸಾಕುವವರ ಅನುಭವಕ್ಕೆ ಬಂದಿರುತ್ತದೆ. ಅದರ ಹಿಂದಿನ ಕಾರಣಗಳಲ್ಲಿ ಇದೂ ಒಂದು.

ಹಾಗಾದರೆ ಇಂಜೆಕ್ಷನ್ ಕೊಟ್ಟರಾಯಿತಲ್ಲ ಎನ್ನಬಹುದು. ಮಾಂಸಖಂಡಕ್ಕೋ ಚರ್ಮದ ಕೆಳಕ್ಕೋ ಚುಚ್ಚಿದ ಔಷಧಿಯನ್ನು ಹೊತ್ತೊಯ್ಯಬೇಕಾದದ್ದು ಅಲ್ಲಿ ಹರಿಯುವ ರಕ್ತ. ಆಘಾತದಲ್ಲಿರುವ, ನೀರಿನಂಶ ಬತ್ತಿದ, ಮೈ ತಣ್ಣಗಾದ ಪ್ರಾಣಿಯಲ್ಲಿ ದೇಹವು ಉಳಿದ ರಕ್ತವನ್ನು ಹೃದಯ, ಮೆದುಳುಗಳಿಗೆ ಮೀಸಲಿಟ್ಟು ಚರ್ಮಕ್ಕೂ ಸ್ನಾಯುವಿಗೂ ಹರಿವನ್ನು ಕಡಿತಗೊಳಿಸುತ್ತದೆ. ಚುಚ್ಚಿದ ಔಷಧಿ ಚುಚ್ಚಿದಲ್ಲೇ ಕೂರುತ್ತದೆ. ಪರಿಣಾಮ ಕಾಣಲಿಲ್ಲವೆಂದು ಇನ್ನೊಂದು, ಮತ್ತೊಂದು ಚುಚ್ಚಿ, ಆಮೇಲೆ ಗ್ಲೂಕೋಸ್ ಏರಿಸಿ ರಕ್ತಸಂಚಾರ ಮರಳಿದಾಗ ಕೊಟ್ಟಿದ್ದೆಲ್ಲವೂ ಒಮ್ಮೆಗೇ ರಕ್ತಕ್ಕಿಳಿಯುವ ಅಪಾಯವಿದೆ. ಇಂಥ ಸ್ಥಿತಿಯಲ್ಲಿ ವೈದ್ಯರು ಕುತ್ತಿಗೆಯ ರಕ್ತನಾಳವನ್ನೇ ಹುಡುಕುವುದು ಇದಕ್ಕಾಗಿ.

ಇದೆಲ್ಲವೂ ಒಂದೇ ಹಸುವಿನಲ್ಲಿ ಕಾಣಿಸಿಕೊಳ್ಳುವ ಸಂದರ್ಭವೆಂದರೆ ಹಾಲು ಜ್ವರ. ಹೆಸರಿನಲ್ಲಿ ಜ್ವರವಿದ್ದರೂ ಮೈ ತಣ್ಣಗಿರುತ್ತದೆ. ಕರು ಹಾಕಿದ ಒಂದೆರಡು ದಿನದಲ್ಲಿ ಹೆಚ್ಚು ಹಾಲಿನ ಹಸು ನೆಲ ಹಿಡಿಯುತ್ತದೆ, ತಲೆಯನ್ನು ಪಕ್ಕೆಗೆ ತಿರುಗಿಸಿ ಒರಗಿಸಿಕೊಂಡಿರುತ್ತದೆ, ಕಿವಿ ಮುಟ್ಟಿದರೆ ತಣ್ಣಗೆ, ಮೂತಿ ಒಣಗಿರುತ್ತದೆ, ಮೆಲುಕು ಇಲ್ಲ. ಡೆಸಿಲೀಟರಿಗೆ 8.5ರಿಂದ 10 ಮಿಲಿಗ್ರಾಂ ಇರಬೇಕಾದ ರಕ್ತದ ಕ್ಯಾಲ್ಸಿಯಂ 5ರ ಆಸುಪಾಸಿಗೆ ಕುಸಿದಿರುತ್ತದೆ. ಮನೆಯವರು ಗೊಟ್ಟದಲ್ಲಿ ಕ್ಯಾಲ್ಸಿಯಂ ದ್ರಾವಣ ಕುಡಿಸಲು ಹೋದರೆ ಎರಡು ತೊಂದರೆ: ನುಂಗುವ ಶಕ್ತಿ ಕುಂದಿರುವುದರಿಂದ ಅದು ಶ್ವಾಸಕೋಶಕ್ಕೆ ಇಳಿಯಬಹುದು, ಹೊಟ್ಟೆಗೇ ಹೋದರೂ ಹೊಟ್ಟೆ ಅಲುಗಾಡುತ್ತಿಲ್ಲ. ಚರ್ಮದ ಕೆಳಗೆ ಕೊಟ್ಟರೆ ತಣ್ಣಗಾದ ಚರ್ಮ ಹೀರಿಕೊಳ್ಳುವುದಿಲ್ಲ. ಉಳಿಯುವುದು ರಕ್ತನಾಳ. ಅಲ್ಲಿಯೂ ಆತುರ ಸಲ್ಲದು. ಕ್ಯಾಲ್ಸಿಯಂ ಬೋರೋಗ್ಲುಕೋನೇಟಿನ ಬಾಟಲಿಯನ್ನು ಮೈಬಿಸಿಗೆ ತಂದು, ಹತ್ತರಿಂದ ಇಪ್ಪತ್ತು ನಿಮಿಷ ತೆಗೆದುಕೊಂಡು, ಇನ್ನೊಂದು ಕೈಯಲ್ಲಿ ಸ್ಟೆತಾಸ್ಕೋಪ್ ಹಿಡಿದು ಹೃದಯದ ಬಡಿತ ಕೇಳುತ್ತಲೇ ಇಳಿಸುತ್ತಾರೆ. ಅದೇ ಹಸುವಿಗೆ ಗರ್ಭಕೋಶದ ಸೋಂಕಿನಿಂದಲೋ ತೀವ್ರ ಕೆಚ್ಚಲು ಬಾವಿನಿಂದಲೋ ರಕ್ತದಲ್ಲಿ ವಿಷ ಏರಿದ್ದರೆ, ಹೃದಯ ಕ್ಯಾಲ್ಸಿಯಂಗೆ ಅತಿ ಸೂಕ್ಷ್ಮವಾಗಿ ಪ್ರತಿಕ್ರಿಯಿಸುತ್ತದೆ. ಒಂದು ಹಸುವನ್ನು ಎಬ್ಬಿಸಿ ನಿಲ್ಲಿಸಿದ ಅದೇ ವೇಗ, ಅದೇ ಬಾಟಲಿ ಇನ್ನೊಂದರ ಹೃದಯವನ್ನು ನಿಲ್ಲಿಸಬಲ್ಲದು. ಬಾಟಲಿ ಇಳಿಯುತ್ತಿರುವಾಗ ‘ಬೇಗ ಬಿಡಿ ಸಾರ್’ ಎಂದು ಅವಸರಿಸುವವರು ಇದನ್ನು ತಿಳಿದಿದ್ದರೆ ಒಳ್ಳೆಯದು.

ರಕ್ತ ಸೇರಿದ ಔಷಧಿ ಎಷ್ಟು ದ್ರವದಲ್ಲಿ ಹರಡಿಕೊಳ್ಳುತ್ತದೆ ಎಂಬುದು ಮುಂದಿನ ಪ್ರಶ್ನೆ. ದೊಡ್ಡ ಹಸುವಿನ ತೂಕದಲ್ಲಿ ನೀರು ಶೇಕಡ 60ರಷ್ಟಿದ್ದರೆ ಆಗ ತಾನೆ ಹುಟ್ಟಿದ ಕರುವಿನಲ್ಲಿ ಶೇಕಡ 75ರ ಹತ್ತಿರ ಇರುತ್ತದೆ. ಜೆಂಟಾಮೈಸಿನ್ ಎಂಬ ಆಂಟಿಬಯೋಟಿಕ್‌ನಂತೆ ನೀರಿನಲ್ಲಿ ಕರಗುವ ಔಷಧಿ ಎಳೆಗರುವಿನಲ್ಲಿ ಹೆಚ್ಚು ಜಾಗಕ್ಕೆ ಹರಡಿ ತೆಳುವಾಗುತ್ತದೆ. ಆದರೆ ಅದೇ ಕರುವಿಗೆ ಭೇದಿ ಹತ್ತಿ ಕಣ್ಣು ಗುಳಿಬಿದ್ದಾಗ ಜಾಗ ಕುಗ್ಗಿ, ಅದೇ ಪ್ರಮಾಣಕ್ಕೆ ರಕ್ತದ ಮಟ್ಟ ಮೇಲೇರುತ್ತದೆ. ಇದರ ಜೊತೆಗೆ ಎಳೆಯ ಕರುವಿನ ಪಿತ್ತಜನಕಾಂಗದ ಕಿಣ್ವಗಳು ಮೊದಲ ಕೆಲವು ವಾರ ಇನ್ನೂ ಬಲಿತಿರುವುದಿಲ್ಲ. ದೊಡ್ಡ ಹಸುವಿನ ಪ್ರಮಾಣವನ್ನು ತೂಕಕ್ಕೆ ಭಾಗಿಸಿ ಕರುವಿಗೆ ಕೊಡುವ ಲೆಕ್ಕ ಈ ಕಾರಣಕ್ಕೇ ಸರಿಹೋಗುವುದಿಲ್ಲ.

ರಕ್ತದಲ್ಲಿ ಔಷಧಿ ಬಿಡಿಯಾಗಿ ಓಡಾಡುವುದೂ ಅಲ್ಲ. ನೋವು, ಬಾವು ಕಡಿಮೆ ಮಾಡುವ ಹಲವು ಔಷಧಿಗಳಲ್ಲಿ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಪಾಲು ಅಲ್ಬುಮಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ. ಕೆಲಸ ಮಾಡುವುದು ಅಂಟದೆ ಉಳಿದ ಅಲ್ಪ ಪಾಲು. ವಿಶ್ವೇಶ್ವರಯ್ಯ ನಾಲೆಯ ಆಸುಪಾಸಿನ ಗದ್ದೆ ಬಯಲಿನಲ್ಲಿ, ಬಸವನಹುಳುಗಳಿರುವ ಒದ್ದೆ ನೆಲದಲ್ಲಿ ಮೇಯುವ ದನ, ಎಮ್ಮೆ, ಕುರಿಗಳಿಗೆ ಪಿತ್ತಜನಕಾಂಗದ ಚಪ್ಪಟೆ ಹುಳು ತಗಲುವ ಭಯ ಸದಾ ಇದ್ದದ್ದೇ. ಇದು ಹಳೆಯದಾದರೆ ರಕ್ತಹೀನತೆ, ಗದ್ದದ ಕೆಳಗೆ ನೀರು ತುಂಬಿದ ಊತ, ಸೊರಗಿದ ಮೈ. ಆ ಊತ ರಕ್ತದ ಅಲ್ಬುಮಿನ್ ಇಳಿದಿರುವುದರ ಹೊರಗುರುತು. ಅಂಟಿಕೊಳ್ಳಲು ಅಲ್ಬುಮಿನ್ ಕಡಿಮೆಯಾದರೆ ಬಿಡಿ ಔಷಧಿಯ ಪಾಲು ಹೆಚ್ಚುತ್ತದೆ. ಪಿತ್ತಜನಕಾಂಗ, ಮೂತ್ರಪಿಂಡಗಳು ಸುಸ್ಥಿತಿಯಲ್ಲಿದ್ದರೆ ಹೆಚ್ಚಾದ ಬಿಡಿ ಪಾಲನ್ನು ಅವು ಬೇಗ ಹೊರಹಾಕಿ ಸಮತೋಲ ತರುತ್ತವೆ, ಹಾಗಾಗಿ ಬರೀ ಅಲ್ಬುಮಿನ್ ಕಡಿಮೆಯೆಂದು ಗಾಬರಿಯಾಗಬೇಕಿಲ್ಲ. ಚಪ್ಪಟೆ ಹುಳುವಿನ ವಿಷಯದಲ್ಲಿ ಮಾತ್ರ ಆ ಸಮಾಧಾನ ಸಿಗುವುದಿಲ್ಲ, ಏಕೆಂದರೆ ಔಷಧಿಯನ್ನು ಒಡೆಯಬೇಕಾದ ಪಿತ್ತಜನಕಾಂಗವನ್ನೇ ಹುಳು ಕೊರೆದಿದೆ. ಈ ಹುಳುವಿಗೆ ಕೊಡುವ ಕ್ಲೊಸಾಂಟೆಲ್ ಕೂಡ ಅಲ್ಬುಮಿನ್‌ಗೆ ಬಿಗಿಯಾಗಿ ಅಂಟುವ ಔಷಧಿ. ಮಿತಿ ಮೀರಿದರೆ ಆಡು ಕುರಿಗಳ ಕಣ್ಣು ಶಾಶ್ವತವಾಗಿ ಹೋಗಬಹುದು. ಸೊರಗಿದ ಕುರಿಯ ತೂಕವನ್ನು ಉಣ್ಣೆಯ ದಪ್ಪ ನೋಡಿ ಅಂದಾಜಿಸಿ, ಇಡೀ ಮಂದೆಗೆ ಒಂದೇ ಅಳತೆಯಲ್ಲಿ ಕುಡಿಸುವ ರೂಢಿ ಇಲ್ಲಿ ನಿಜಕ್ಕೂ ಅಪಾಯಕಾರಿ.

ಪಿತ್ತಜನಕಾಂಗಕ್ಕೆ ನೇರವಾಗಿ ಏಟು ಬೀಳದಿದ್ದರೂ ಜ್ವರವೊಂದೇ ಅದರ ಕೆಲಸವನ್ನು ನಿಧಾನ ಮಾಡುತ್ತದೆ. ಸೋಂಕಿನ ವಿರುದ್ಧ ದೇಹ ಬಿಡುಗಡೆ ಮಾಡುವ ಇಂಟರ್‌ಲ್ಯೂಕಿನ್‌ನಂಥ ಸಂಕೇತವಸ್ತುಗಳು ಪಿತ್ತಜನಕಾಂಗಕ್ಕೆ ‘ರಕ್ಷಣೆಯ ಪ್ರೋಟೀನುಗಳನ್ನು ತಯಾರಿಸು’ ಎಂದು ಆದೇಶ ಕೊಡುತ್ತವೆ. ಆಗ ಅಲ್ಬುಮಿನ್ ತಯಾರಿಕೆ ಇಳಿಯುತ್ತದೆ, ಔಷಧಿಗಳನ್ನು ಒಡೆಯುವ ಸೈಟೋಕ್ರೋಮ್ ಪಿ450 ಕಿಣ್ವಗಳ ಉತ್ಪಾದನೆಯೂ ತಗ್ಗುತ್ತದೆ. ಅದೇ ವೇಳೆ ಏರುವ ಇನ್ನೊಂದು ಪ್ರೋಟೀನು ಕ್ಷಾರೀಯ ಔಷಧಿಗಳನ್ನು ಹೆಚ್ಚಾಗಿ ಹಿಡಿದಿಟ್ಟುಕೊಂಡು ಅವುಗಳ ಬಿಡಿ ಪಾಲನ್ನು ಇಳಿಸುತ್ತದೆ. ರಕ್ತ ಹೀರುವ ಉಣ್ಣಿಗಳಿಂದ ಹರಡುವ ಥೈಲೇರಿಯಾ ಎಂಬ ಕಾಯಿಲೆಯಲ್ಲಿ 105, 106 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ರಕ್ತಹೀನತೆ, ಕಾಮಾಲೆ ಎಲ್ಲವೂ ಕೂಡಿರುವ ಮಿಶ್ರತಳಿ ಹಸು ಇದಕ್ಕೆ ಕಣ್ಣೆದುರಿನ ಉದಾಹರಣೆ. ಅದಕ್ಕೆ ಒಂದೇ ದಿನ ನಾಲ್ಕೈದು ಬಗೆಯ ಇಂಜೆಕ್ಷನ್ ಹಾಕಿಸುವ ಒತ್ತಾಯ ಮನೆಯವರಿಂದ ಬರುತ್ತದೆ. ಒಡೆಯುವ ಕಿಣ್ವಗಳು ಅರೆ ನಿದ್ದೆಯಲ್ಲಿರುವಾಗ ಅಷ್ಟೊಂದನ್ನು ತುಂಬುವುದು ಜಾಣತನವಲ್ಲ.

ಮೂತ್ರಪಿಂಡದ ಕಥೆ ಹೆಚ್ಚು ನೇರ. ಜೆಂಟಾಮೈಸಿನ್, ಸ್ಟ್ರೆಪ್ಟೊಮೈಸಿನ್ ಗುಂಪಿನ ಔಷಧಿಗಳು ಒಡೆಯದೆ ಮೂತ್ರದಲ್ಲೇ ಹೊರಹೋಗುತ್ತವೆ, ಹೋಗುವಾಗ ಮೂತ್ರಪಿಂಡದ ಕೋಶಗಳಲ್ಲಿ ಶೇಖರವಾಗಿ ಅವನ್ನೇ ಘಾಸಿಗೊಳಿಸುತ್ತವೆ. ನೀರು ಬತ್ತಿದ ಪ್ರಾಣಿಯಲ್ಲಿ ಸೋಸುವಿಕೆ ಇಳಿದಿರುತ್ತದೆ, ಔಷಧಿ ಉಳಿಯುತ್ತದೆ, ಉಳಿದದ್ದು ಇನ್ನಷ್ಟು ಹಾನಿ ಮಾಡುತ್ತದೆ, ಹಾನಿಯಿಂದ ಸೋಸುವಿಕೆ ಮತ್ತೂ ಇಳಿಯುತ್ತದೆ. ಇದೇ ಹೊತ್ತಿಗೆ ಜ್ವರ, ನೋವಿಗೆಂದು ಫ್ಲೂನಿಕ್ಸಿನ್ ಅಥವಾ ಮೆಲಾಕ್ಸಿಕಾಮ್ ಸೇರಿಸಿದರೆ, ನೀರಿನ ಕೊರತೆಯಲ್ಲಿಯೂ ಮೂತ್ರಪಿಂಡಕ್ಕೆ ರಕ್ತ ಹರಿಸುತ್ತಿದ್ದ ಪ್ರೋಸ್ಟಗ್ಲಾಂಡಿನ್ ಎಂಬ ದೇಹದ ರಾಸಾಯನಿಕಗಳೂ ತಡೆಯಲ್ಪಡುತ್ತವೆ. ಕಬ್ಬಿನ ಗದ್ದೆಯಲ್ಲಿ ಮಂಡಲದ ಹಾವು ಕಚ್ಚಿದ ನಾಯಿ ಅಥವಾ ಹಸುವಿನಲ್ಲಿ ಊತವೂ ನೋವೂ ಭೀಕರವಾಗಿರುತ್ತವೆ, ನೋವಿನ ಇಂಜೆಕ್ಷನ್ ಕೊಡಬೇಕೆಂದು ಯಾರಿಗಾದರೂ ಅನಿಸುತ್ತದೆ. ಆ ವಿಷ ಮೂತ್ರಪಿಂಡವನ್ನೂ ಕೆಡಿಸಬಲ್ಲದಾದ್ದರಿಂದ ವೈದ್ಯರು ಅಲ್ಲಿ ಹಿಂಜರಿಯುತ್ತಾರೆ. ಮೊದಲು ದ್ರವ ತುಂಬಿ, ಮೂತ್ರ ಬರುತ್ತಿದೆಯೆಂದು ಖಚಿತಪಡಿಸಿಕೊಂಡು ಮುಂದುವರಿಯುವುದು ಸರಿಯಾದ ಕ್ರಮ. ಮೂತ್ರಪಿಂಡ ದುರ್ಬಲವಾಗಿದ್ದೂ ಜೆಂಟಾಮೈಸಿನ್ ಅನಿವಾರ್ಯವಾದರೆ, ಪ್ರತಿ ಬಾರಿಯ ಪ್ರಮಾಣ ಇಳಿಸುವುದಕ್ಕಿಂತ ಎರಡು ಇಂಜೆಕ್ಷನ್‌ಗಳ ನಡುವಿನ ಅವಧಿಯನ್ನು ಹಿಗ್ಗಿಸುವುದು ಮೇಲು, ಏಕೆಂದರೆ ಆ ಔಷಧಿ ಬ್ಯಾಕ್ಟೀರಿಯಾ ಕೊಲ್ಲುವುದು ತನ್ನ ಶಿಖರಮಟ್ಟದ ಬಲದಿಂದ.

ಮೂತ್ರದ ಪಿಎಚ್ ಕೂಡ ಲೆಕ್ಕಕ್ಕೆ ಬರುತ್ತದೆ. ಮೇವು ತಿನ್ನುವ ಹಸುವಿನ ಮೂತ್ರ ಕ್ಷಾರೀಯ, ಹಾಗಾಗಿ ಆಸ್ಪಿರಿನ್‌ನಿಂದ ಬರುವ ಸ್ಯಾಲಿಸಿಲೇಟ್ ಅದರಲ್ಲಿ ಸಿಕ್ಕಿಕೊಂಡು ಬೇಗ ಹೊರಹೋಗುತ್ತದೆ. ಮೇವು ಬಿಟ್ಟು ಕೀಟೋಸಿಸ್ (ಶಕ್ತಿಗಾಗಿ ಮೈಯ ಕೊಬ್ಬು ಕರಗಿ ರಕ್ತದಲ್ಲಿ ಆಮ್ಲ ಸೇರುವ ಕಾಯಿಲೆ) ಅಥವಾ ಹೊಟ್ಟೆ ಹುಳಿಗೆ ಸಿಲುಕಿದ ಹಸುವಿನ ಮೂತ್ರ ಆಮ್ಲೀಯವಾದಾಗ ಅದೇ ವಸ್ತು ಮತ್ತೆ ರಕ್ತಕ್ಕೆ ಹೀರಲ್ಪಟ್ಟು ಹೆಚ್ಚು ಹೊತ್ತು ಉಳಿಯುತ್ತದೆ.

ಈ ಪ್ರದೇಶದ ಹೈನುಗಾರರಿಗೆ ಎಲ್ಲಕ್ಕಿಂತ ಹತ್ತಿರದ ವಿಷಯ ಕೆಚ್ಚಲು ಬಾವು. ರಕ್ತದ ಪಿಎಚ್ 7.4, ಆರೋಗ್ಯವಂತ ಕೆಚ್ಚಲಿನ ಹಾಲಿನದು 6.6ರ ಆಸುಪಾಸು, ಅಂದರೆ ಹಾಲು ರಕ್ತಕ್ಕಿಂತ ಸ್ವಲ್ಪ ಹುಳಿ. ಮೇಲೆ ಹೇಳಿದ ನಿಯಮವನ್ನು ಇಲ್ಲಿ ಅನ್ವಯಿಸಿದರೆ, ಟೈಲೋಸಿನ್, ಎರಿಥ್ರೋಮೈಸಿನ್‌ನಂಥ ದುರ್ಬಲ ಕ್ಷಾರೀಯ ಆಂಟಿಬಯೋಟಿಕ್‌ಗಳು ರಕ್ತದಿಂದ ಹಾಲಿಗೆ ದಾಟಿ ಅಲ್ಲೇ ಸಿಕ್ಕಿಕೊಳ್ಳಬೇಕು. ಆರೋಗ್ಯವಂತ ಹಸುವಿನಲ್ಲಿ ಹಾಗೆಯೇ ಆಗುತ್ತದೆ, ಹಾಲಿನಲ್ಲಿ ಅವುಗಳ ಮಟ್ಟ ರಕ್ತದ ಮಟ್ಟವನ್ನೂ ಮೀರುತ್ತದೆ. ಪೆನಿಸಿಲಿನ್‌ನಂಥ ಆಮ್ಲೀಯ ಔಷಧಿ ರಕ್ತದಲ್ಲೇ ಉಳಿದು ಹಾಲಿಗೆ ಹೋಗುವುದು ಕಡಿಮೆ. ಕೆಚ್ಚಲು ಬಾತಾಗ ಕೋಶಗಳ ನಡುವಿನ ಬಿಗಿ ಸಡಿಲವಾಗಿ ರಕ್ತದ ದ್ರವ, ಉಪ್ಪಿನಂಶ ಹಾಲಿಗೆ ಸೋರುತ್ತವೆ. ಹಾಲಿನ ಪಿಎಚ್ 7ರತ್ತ, ಕೆಲವೊಮ್ಮೆ ಅದನ್ನೂ ದಾಟಿ, ರಕ್ತದ ಮಟ್ಟಕ್ಕೆ ಸಮೀಪಿಸುತ್ತದೆ. ರೋಗವಿರುವ ಕೆಚ್ಚಲ ಭಾಗದ ಹಾಲು ಉಪ್ಪುಪ್ಪಾಗುವುದು ಇದೇ ಸೋರಿಕೆಯಿಂದ. ಪಿಎಚ್ ವ್ಯತ್ಯಾಸ ಅಳಿದೊಡನೆ ಕ್ಷಾರೀಯ ಔಷಧಿ ಹಾಲಿನಲ್ಲಿ ಶೇಖರವಾಗುವ ಅನುಕೂಲವೂ ಅಳಿಯುತ್ತದೆ. ಆರೋಗ್ಯವಂತ ಹಸುವಿನಲ್ಲಿ ಅಳೆದ ಅಂಕಿಗಳನ್ನು ನೋಡಿ ಆರಿಸಿದ ಔಷಧಿ, ಅದು ಹೆಚ್ಚು ಬೇಕಾದ ಕಡೆಯಲ್ಲೇ ಕಡಿಮೆ ಸಿಗುತ್ತದೆ. ಪೆನಿಸಿಲಿನ್ ಒಂದಷ್ಟು ಹೆಚ್ಚು ದಾಟುತ್ತದೆ ನಿಜ, ಆದರೆ ಊತ ನಾಳಗಳನ್ನು ಒತ್ತಿರುತ್ತದೆ, ಗಡ್ಡೆಗಟ್ಟಿದ ಹಾಲು ದಾರಿ ಮುಚ್ಚಿರುತ್ತದೆ. ತೊಟ್ಟಿನ ಮೂಲಕ ಟ್ಯೂಬ್ ಏರಿಸಿದರೂ ಗಡ್ಡೆಯಾಚೆಗೆ ಔಷಧಿ ತಲುಪುವುದಿಲ್ಲ. ಟ್ಯೂಬ್ ಏರಿಸುವ ಮುನ್ನ ಆ ತೊಟ್ಟನ್ನು ಪೂರ್ತಿ ಹಿಂಡಿ ಖಾಲಿ ಮಾಡಿ ಎಂದು ವೈದ್ಯರು ಒತ್ತಿ ಹೇಳುವುದರಲ್ಲಿ ಅರ್ಥವಿದೆ, ಹಿಂಡುವಾಗ ಹಸು ಒದ್ದರೂ ಸರಿ.

ಔಷಧಿ ಸರಿಯಾದ ಜಾಗಕ್ಕೆ, ಸಾಕಷ್ಟು ಪ್ರಮಾಣದಲ್ಲಿ ಮುಟ್ಟಿಯೂ ಸೋಲುವ ಸಂದರ್ಭವೊಂದಿದೆ. ಕೀವು ತುಂಬಿದ ಕುರುವಿನೊಳಗೆ ಆಮ್ಲಜನಕ ಇರುವುದಿಲ್ಲ, ವಾತಾವರಣ ಆಮ್ಲೀಯ. ಜೆಂಟಾಮೈಸಿನ್ ಬ್ಯಾಕ್ಟೀರಿಯಾದ ಒಳಹೋಗಲು ಆಮ್ಲಜನಕವನ್ನು ಅವಲಂಬಿಸಿದ ವ್ಯವಸ್ಥೆ ಬೇಕು. ಸಲ್ಫಾ ಔಷಧಿಯನ್ನು ಕೀವಿನಲ್ಲಿರುವ ಸತ್ತ ಕೋಶಗಳ ರಾಸಾಯನಿಕಗಳೇ ವಿಫಲಗೊಳಿಸುತ್ತವೆ. ಕೊಯ್ದು ಕೀವು ತೆಗೆಯದೆ ಇಂಜೆಕ್ಷನ್ ಬದಲಾಯಿಸುತ್ತ ಹೋಗುವುದರಿಂದ ಲಾಭವಾಗುವುದು ಔಷಧಿ ಅಂಗಡಿಗೆ.

ಕಾಯಿಲೆಯೇ ಆಗಬೇಕೆಂದಿಲ್ಲ, ದೇಹದ ಸಹಜ ಸ್ಥಿತಿಗಳೂ ಔಷಧಿಯ ಪರಿಣಾಮವನ್ನು ಬದಲಿಸುತ್ತವೆ. ತುಂಬುಗಬ್ಬದ ಹಸುವಿಗೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟರೆ ಅಕಾಲದಲ್ಲಿ ಕರು ಹಾಕಬಹುದು, ಮಂಪರಿಗೆ ಕೊಡುವ ಜೈಲಜಿನ್ ಗರ್ಭಕೋಶವನ್ನು ಹಿಂಡುತ್ತದೆ. ಅದೇ ಜೈಲಜಿನ್ ಬೆದರಿ ಹುಚ್ಚೆದ್ದ ಪ್ರಾಣಿಗೆ ಮಾಮೂಲಿ ಪ್ರಮಾಣದಲ್ಲಿ ನಾಟುವುದಿಲ್ಲ. ನಾಗರಹೊಳೆ, ಬಂಡೀಪುರದ ಅಂಚಿನ ಊರುಗಳಲ್ಲಿ ಜನ ಸುತ್ತುವರಿದು ಕೂಗುತ್ತಿರುವಾಗ ಕಾಡುಪ್ರಾಣಿಗೆ ಅರಿವಳಿಕೆ ಕೊಡುವುದು ಕಷ್ಟವಾಗುವುದಕ್ಕೆ ಪ್ರಾಣಿಯ ರಕ್ತದಲ್ಲಿ ಉಕ್ಕಿರುವ ಅಡ್ರಿನಲಿನ್ ಒಂದು ಕಾರಣ. ಮೈಸೂರಿನ ಮನೆಗಳಲ್ಲಿ ಬೆಕ್ಕು ಸಾಕಿದವರು ತಿಳಿದಿರಬೇಕಾದ್ದು ಇಷ್ಟು: ಸ್ಯಾಲಿಸಿಲೇಟಿನ ಅರ್ಧಾಯು (ರಕ್ತದಲ್ಲಿನ ಮಟ್ಟ ಅರ್ಧಕ್ಕಿಳಿಯಲು ಬೇಕಾದ ಹೊತ್ತು) ಹಸುವಿನಲ್ಲಿ ಒಂದು ಗಂಟೆಗೂ ಕಡಿಮೆ, ಬೆಕ್ಕಿನಲ್ಲಿ ಸುಮಾರು 38 ಗಂಟೆ, ಪ್ಯಾರಾಸಿಟಮಾಲ್ ಅಂತೂ ಬೆಕ್ಕಿಗೆ ವಿಷ. ಮೂತ್ರಪಿಂಡ ಸೋತ ಮುದಿ ಬೆಕ್ಕಿನ ಪಾಡು ಇನ್ನೂ ನಾಜೂಕು.

ಇಷ್ಟೆಲ್ಲ ಬದಲಾವಣೆಗಳ ನಡುವೆ ಪ್ರತಿ ಹಸುವಿನ ರಕ್ತದ ಔಷಧಿ ಮಟ್ಟವನ್ನು ಪ್ರಯೋಗಾಲಯದಲ್ಲಿ ಅಳೆಯುವುದು ಹಳ್ಳಿಯಲ್ಲಿ ಆಗದ ಮಾತು. ಅದರ ಬದಲಿಗೆ ವೈದ್ಯರು ಕೈಗೆ ಸಿಗುವ ಗುರುತುಗಳನ್ನು ಓದುತ್ತಾರೆ: ಕುತ್ತಿಗೆಯ ಚರ್ಮ ಎಳೆದು ಬಿಟ್ಟರೆ ಎಷ್ಟು ಹೊತ್ತಿಗೆ ಮರಳುತ್ತದೆ, ಕಣ್ಣುರೆಪ್ಪೆಯ ಒಳಪದರ ಹಳದಿಯೋ ಬಿಳಿಚಿದೆಯೋ, ಎಡ ಪಕ್ಕೆಯಲ್ಲಿ ಕೈಯಿಟ್ಟರೆ ಹೊಟ್ಟೆ ಅಲುಗುತ್ತಿದೆಯೋ, ಮೂತ್ರ ಹೊಯ್ದದ್ದು ಯಾವಾಗ. ಮೂತ್ರದ ಪ್ರಶ್ನೆಗೆ ‘ನೋಡಲಿಲ್ಲ ಸಾರ್’ ಎಂಬ ಉತ್ತರವೇ ಹೆಚ್ಚು ಬರುವುದು ದುರದೃಷ್ಟಕರ, ಏಕೆಂದರೆ ಯಾವ ಔಷಧಿ, ಎಷ್ಟು, ಎಷ್ಟು ಹೊತ್ತಿಗೊಮ್ಮೆ ಎಂಬ ತೀರ್ಮಾನ ಅರ್ಧಕ್ಕರ್ಧ ಆ ಉತ್ತರದ ಮೇಲೆ ನಿಂತಿರುತ್ತದೆ.

ನಿಧಾನವಾಗಿ ಹೊರಹೋಗುವ ಔಷಧಿ ಕೊನೆಗೆ ಡೈರಿಯ ಕ್ಯಾನಿಗೂ ಬರುತ್ತದೆ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನು ಸೀಸೆಯ ಮೇಲೆ ನಮೂದಿಸಬೇಕೆಂದು 2012ರಲ್ಲಿ ತಿದ್ದುಪಡಿಯಾದ ಕೇಂದ್ರದ ಔಷಧ ನಿಯಮ ಹೇಳುತ್ತದೆ; ಆ ಔಷಧಿಗೆ ನಿರ್ದಿಷ್ಟ ಅವಧಿ ಗೊತ್ತುಪಡಿಸಿರದಿದ್ದರೆ ಹಾಲು ಮತ್ತು ಮೊಟ್ಟೆಗೆ ಕನಿಷ್ಠ 7 ದಿನ, ಮಾಂಸಕ್ಕೆ 28 ದಿನ. ಈ ಅವಧಿಗಳು ಸೀಸೆಯಲ್ಲಿ ಹೇಳಿದ ಪ್ರಮಾಣ, ಹೇಳಿದ ಮಾರ್ಗ, ಮಾಮೂಲಿ ವೇಗದಲ್ಲಿ ಔಷಧಿ ಹೊರಹಾಕುವ ದೇಹ, ಈ ಮೂರನ್ನೂ ನೆಚ್ಚಿಕೊಂಡಿವೆ. ಬಾತ ಕೆಚ್ಚಲಿನಲ್ಲಿ ಟ್ಯೂಬಿನ ಔಷಧಿ ಹೊರಬರುವ ಮುಖ್ಯ ದಾರಿ ಹಾಲು ಕರೆಯುವುದೇ ಆಗಿರುವಾಗ, ಹಾಲು ಇಳಿದುಹೋದ ಹಸುವಿನಲ್ಲಿ ಅದು ಹೆಚ್ಚು ದಿನ ಉಳಿಯುತ್ತದೆ. ಮೂತ್ರಪಿಂಡ, ಪಿತ್ತಜನಕಾಂಗ ದುರ್ಬಲವಾಗಿದ್ದ ಹಸುವಿಗೆ, ಅಥವಾ ವೈದ್ಯರು ಪ್ರಮಾಣ ಹೆಚ್ಚಿಸಿದ್ದಲ್ಲಿ, ಸೀಸೆಯ ಮೇಲಿನ ದಿನಗಳಿಗೆ ಇನ್ನೆಷ್ಟು ಸೇರಿಸಬೇಕೆಂದು ಅವರನ್ನೇ ಕೇಳಿ ಬರೆಸಿಕೊಳ್ಳಬೇಕು. ಆ ದಿನಗಳ ಹಾಲನ್ನು ಡೈರಿಗೆ ಹಾಕದೆ ಕರುವಿಗೆ ಕುಡಿಸುವ ಪರಿಪಾಠವೂ ಸರಿಯಲ್ಲ. ಕಿಣ್ವಗಳಿನ್ನೂ ಬಲಿಯದ ಕರುವಿನ ಕರುಳಿಗೆ ದಿನಾಲೂ ಅರೆಬರೆ ಪ್ರಮಾಣದ ಆಂಟಿಬಯೋಟಿಕ್ ಹೋದರೆ, ಮುಂದೆ ಅದಕ್ಕೆ ಭೇದಿ ಬಂದಾಗ ಆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಅಲ್ಲಿ ಮೊದಲೇ ನೆಲೆಸಿರುತ್ತವೆ.